ಫ್ರಿಜ್ಜಿಗೆ ಕೈಮುಗಿದವನು

ತಪ್ಪು ಮಾಡದ ಗಂಡಸನ್ನು ನಾನು ನಂಬುವುದಿಲ್ಲ. ಪಟ್ಟಾಯದ ಈ ಓಣಿಯಲ್ಲಿ ಬಾರು ನಡೆಸುತ್ತಾ ನಡೆಸುತ್ತಾ ನನ್ನ ತಲೆ ನರೆತಿದೆ. ಬಂದ ಗಿರಾಕಿ ಎಂಥವನು ಎಂಬುದನ್ನು ಅವನು ಮಾಡುವ ಮೊದಲ ತಪ್ಪಿನಲ್ಲೇ ಹೇಳಿಬಿಡುತ್ತೇನೆ. ಒಬ್ಬ ಬಂದವನೇ ಕೌಂಟರಿನ ಮೇಲೆ ತೂಗುವ ಗಂಟೆಯನ್ನು ಮಕ್ಕಳ ಆಟದ ಸಾಮಾನೆಂದುಕೊಂಡು ಬಾರಿಸುತ್ತಾನೆ. ಗಂಟೆ ಬಾರಿಸಿದವನು ಅಲ್ಲಿರುವ ಎಲ್ಲರಿಗೂ ಕುಡಿಸಬೇಕು ಎಂದು ತಿಳಿದಾಗ ಅವನ ಮುಖ ನೋಡಬೇಕು. ಇನ್ನೊಬ್ಬ ಬಿಲ್ಲಿನ ಚೀಟಿ ನೋಡುವುದಿಲ್ಲ. ಪ್ರತಿ ಬಾಟಲಿಗೂ ಒಂದು ಚೀಟಿ ಸುರುಳಿ ಸುತ್ತಿ ಅವನ ಮುಂದಿನ ಬಿದಿರಿನ ಲೋಟಕ್ಕೆ ಹಾಕುತ್ತೇವೆ. ಎದ್ದು ಹೊರಡುವಾಗ ಲೋಟ ತುಂಬಿರುತ್ತದೆ, ಆಮೇಲೆ ಮೋಸ ಮೋಸ ಎಂದು ಬೀದಿಗೆಲ್ಲ ಕೇಳುವಂತೆ ಕೂಗಾಡುತ್ತಾನೆ. ಮತ್ತೊಬ್ಬನಿಗೆ ಪ್ರೀತಿ ಉಕ್ಕಿ ಬಂದು ಹುಡುಗಿಯ ತಲೆ ಸವರುತ್ತಾನೆ. ನಮ್ಮ ತಲೆ ಮುಟ್ಟಿದವರನ್ನು ನಾವು ನಗುನಗುತ್ತಲೇ ಮನಸ್ಸಿನಲ್ಲಿ ಬೈದುಕೊಳ್ಳುತ್ತೇವೆಂದು ಅವನಿಗೇನು ಗೊತ್ತು? ಇವರೆಲ್ಲ ನನಗೆ ಇಷ್ಟ. ತಪ್ಪು ಮಾಡುವವನಿಂದ ಯಾರಿಗೂ ಅಪಾಯವಿಲ್ಲ.

ಆ ಎತ್ತರದ ಫರಂಗಿ ಮೊದಲ ಸಲ ಬಂದದ್ದು ಮಧ್ಯಾಹ್ನ, ನಾವು ಬಾಗಿಲು ತೆಗೆದು ನೆಲ ಗುಡಿಸುತ್ತಿದ್ದ ಹೊತ್ತಿನಲ್ಲಿ. ಮೂವತ್ತು ದಾಟಿದ ವಯಸ್ಸು, ಬಿಸಿಲಿಗೆ ಮೂಗಿನ ಸಿಪ್ಪೆ ಎದ್ದಿತ್ತು. ಬೀದಿಯಲ್ಲೇ ನಿಂತು ನಮ್ಮ ಬೋರ್ಡನ್ನು ಎರಡೆರಡು ಸಲ ಓದಿ, ಒಳಗೆ ಬಂದು, ಗೋಡೆಗೆ ಬೆನ್ನು ಕೊಟ್ಟು ಕುಳಿತ. ಬಾಟಲಿ ಬಿಯರ್ ಕೇಳಿದ. ಮುಚ್ಚಳವನ್ನು ತನ್ನ ಕಣ್ಣೆದುರೇ ತೆಗೆಯಬೇಕೆಂದ. ಚೀಟಿ ಲೋಟಕ್ಕೆ ಬಿದ್ದ ಕೂಡಲೇ ಬಿಚ್ಚಿ ಓದಿ, ಮತ್ತೆ ಸುತ್ತಿಟ್ಟ. ಗಂಟೆಯ ಹಗ್ಗ ಹಣೆಗೆ ತಾಗುವಂತಿದ್ದರೂ ತಲೆ ಬಗ್ಗಿಸಿ ತಪ್ಪಿಸಿಕೊಂಡ. ಕುಡಿಯುವ ಮೊದಲು ಎದ್ದು ನಿಂತು, ಗೋಡೆಯ ಮೇಲಿನ ಬುದ್ಧನ ಗೂಡಿಗೆ ಕೈಮುಗಿದ. ಆಮೇಲೆ ಸ್ವಲ್ಪ ಪಕ್ಕಕ್ಕೆ ತಿರುಗಿ, ಅಷ್ಟೇ ಭಕ್ತಿಯಿಂದ ಬಿಯರ್ ಫ್ರಿಜ್ಜಿಗೂ ಕೈಮುಗಿದ.

ಮ್ಯಾವ್ ಕೈಯಲ್ಲಿದ್ದ ಪೊರಕೆ ನಿಂತುಹೋಯಿತು. ಮ್ಯಾವ್ ನನ್ನ ಬಾರಿನ ಹುಡುಗಿ. ಎರಡು ಮಕ್ಕಳ ತಾಯಿ, ಮೂವತ್ತೈದರ ಹೆಂಗಸು, ಆದರೂ ಈ ಓಣಿಯಲ್ಲಿ ಎಲ್ಲರೂ ಹುಡುಗಿಯರೇ.

"ಅಕ್ಕಾ, ಈವಯ್ಯ ಫ್ರಿಜ್ಜಿಗೆ ಯಾಕೆ ಕೈಮುಗೀತಿದಾನೆ?" ಎಂದು ಅವಳು ನನ್ನ ಕಿವಿಯಲ್ಲಿ ಉಸುರಿದಳು.

"ದೇವರು ಯಾವುದು, ಫ್ರಿಜ್ ಯಾವುದು ಗೊತ್ತಾಗ್ಲಿಲ್ವೇನೋ."

"ದೇವರಿಗೂ ಮುಗಿದ್ನಲ್ಲಕ್ಕಾ. ಇದು ಬೇರೆ ಏನೋ. ಫ್ರಿಜ್ ಒಳಗೇನಾದ್ರೂ ಕ್ಯಾಮೆರಾ ಗೀಮೆರಾ ಇಟ್ಟಿದಾನಾ?"

"ಇವತ್ತು ಬಂದೋನು ನಿನ್ನೆ ಹೇಗೆ ಇಡ್ತಾನೆ? ಗುಡಿಸು ಹೋಗು."

ಅವಳನ್ನು ಗದರಿಸಿದೆನೇ ಹೊರತು ನನಗೂ ಕಸಿವಿಸಿಯಾಯಿತು. ನಾನು ಗಲ್ಲಾದ ಕಡೆ ನೋಡಿದೆ. ಜಿಯಾಬ್ ಪುಸ್ತಕದ ಮೇಲೆ ಬಗ್ಗಿ ಕುಳಿತಿದ್ದಳು, ಅವಳ ಭುಜಗಳು ಅಲುಗುತ್ತಿದ್ದವು. ಕೆಮ್ಮು ಬಂದಿರಬೇಕೆಂದುಕೊಂಡೆ.

ಜಿಯಾಬ್ ನಮ್ಮ ಗಲ್ಲಾದವಳು. ನಾನು ಹುಟ್ಟಿದ ಬುರಿರಾಮ್ ಕಡೆಯವಳೇ, ನನ್ನ ಭಾಷೆಯವಳು, ನನ್ನ ಹಾಗೇ ಕೊಳೆಸಿದ ಮೀನಿನ ರಸವಿಲ್ಲದೆ ಅನ್ನ ಇಳಿಯದವಳು. ಮೊದಲು ಕಡಲ ದಂಡೆಯ ಬೇರೊಂದು ಬಾರಿನಲ್ಲಿ ಗಿರಾಕಿಗಳ ಜೊತೆ ಕೂರುತ್ತಿದ್ದಳು. ಅಲ್ಲಿ ಹಾಲೆಂಡಿನ ಗೆರಿಟ್ ಎಂಬ ಮುದುಕ ಸಿಕ್ಕಿದ. ಹೆಂಡತಿ ಸತ್ತವನು, ಬಡಗಿ ಕೆಲಸ ಮಾಡಿ ನಿವೃತ್ತನಾದವನು. ಅವನು ಮದುವೆಯಾಗುತ್ತೇನೆಂದ ಮೇಲೆ ಇವಳು ಆ ಬಾರು ಬಿಟ್ಟು ನನ್ನಲ್ಲಿ ಗಲ್ಲಾಕ್ಕೆ ಸೇರಿದಳು. ಯಾಕೆಂದರೆ ಗಲ್ಲಾದವಳ ಮಾತೇ ಬೇರೆ. ಉಳಿದವರನ್ನು ಹೊರಗೆ ಕರೆದೊಯ್ಯಬೇಕಾದರೆ ಬಾರಿಗೆ ದಂಡ ಕಟ್ಟಿದರಾಯಿತು, ಅವಳೂ ಒಪ್ಪಿದರೆ. ಗಲ್ಲಾದವಳಿಗೆ ದಂಡವೆಂಬುದೇ ಇಲ್ಲ. ಅವಳನ್ನು ಯಾರೂ ಕೇಳುವಂತಿಲ್ಲ. ಮಾಮೂಲಿ ಅಂಗಿ ತೊಟ್ಟು ಕೌಂಟರಿನ ಆಚೆ ಕುಳಿತವಳು ಬಾರಿನಲ್ಲಿದ್ದೂ ಬಾರಿನವಳಲ್ಲ. ಅದೂ ಅಲ್ಲದೆ ಆ ಹೊಸ ಗಲ್ಲಾಪೆಟ್ಟಿಗೆಯ ಯಂತ್ರ ತೆರೆಯುವುದು ನನಗೆ ಈಗಲೂ ಬರುವುದಿಲ್ಲ. ಜಿಯಾಬ್ ಕಾಲು ತೊಳೆಯಲು ಎದ್ದು ಹೋದರೂ ನನ್ನ ವ್ಯಾಪಾರ ನಿಲ್ಲುತ್ತದೆ.

ಅವಳ ಮದುವೆಯ ಕಾಗದಗಳೆಲ್ಲ ರಾಯಭಾರ ಕಚೇರಿಗೆ ಹೋಗಿದ್ದವು. ಡಚ್ ಭಾಷೆಯ ಪರೀಕ್ಷೆಯೊಂದು ಬಾಕಿ, ಆಮೇಲೆ ಸಂದರ್ಶನ. ಅದಕ್ಕೇ ಆ ಪುಸ್ತಕ. ಗಿರಾಕಿಗೆ ಚಿಲ್ಲರೆ ಕೊಡುತ್ತಲೇ ತುಟಿಯಲ್ಲಿ ಗಂಟಲು ಕೆರೆಯುವಂಥ ಆ ಮಾತುಗಳನ್ನು ಗುನುಗುತ್ತಿದ್ದಳು. ಪ್ರತಿದಿನ ನಾಲ್ಕು ಗಂಟೆಗೆ ಗೆರಿಟ್ ಫೋನ್ ಮಾಡುತ್ತಿದ್ದ. ಅಷ್ಟು ಹೊತ್ತಿಗೆ ಅಲ್ಲಿ ಅವನ ಬೆಳಗಿನ ಕಾಫಿ ಮುಗಿದಿರುತ್ತಿತ್ತಂತೆ. ಊರಿಗೆ ಬಂದಾಗಲೂ ಅವನು ನಮ್ಮ ಬಾರಿನೊಳಗೆ ಕಾಲಿಟ್ಟವನಲ್ಲ. ಎದುರಿನ ನೂಡಲ್ ಗಾಡಿಯ ಹತ್ತಿರ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಇವಳ ಕೆಲಸ ಮುಗಿಯುವವರೆಗೆ ಕಾಯುತ್ತಿದ್ದ.

ಈಗ ನನ್ನ ಹೆದರಿಕೆ ಹೇಳುತ್ತೇನೆ. ಪೊಲೀಸರು ಒಂದು ಬಾರಿಗೆ ನುಗ್ಗಿದರೆ ಅಲ್ಲಿದ್ದವರನ್ನೆಲ್ಲ ಕರೆದೊಯ್ದು ಹೆಸರು ಬರೆದುಕೊಳ್ಳುತ್ತಾರೆ. ಗಲ್ಲಾದವಳು, ಪಾತ್ರೆ ತೊಳೆಯುವವಳು ಎಂಬ ಭೇದವಿಲ್ಲ. ಒಮ್ಮೆ ಹೆಸರು ಅಲ್ಲಿ ಬಿದ್ದರೆ ರಾಯಭಾರ ಕಚೇರಿಯವರು ಜಿಯಾಬ್‌ಳ ಕಾಗದ ಮಡಚಿ ವಾಪಸ್ ಕೊಡುತ್ತಾರೆ, ಅವಳ ಮದುವೆ ಅಲ್ಲಿಗೆ ಮುಗಿಯಿತು. ನುಗ್ಗುವ ಮೊದಲು ಪೊಲೀಸರು ಗಿರಾಕಿಯ ವೇಷದಲ್ಲಿ ಫರಂಗಿಗಳನ್ನೂ ಕಳಿಸುತ್ತಾರಂತೆ. ಹೀಗಿರುವಾಗ ಎಳ್ಳಷ್ಟೂ ತಪ್ಪು ಮಾಡದ ಫರಂಗಿಯೊಬ್ಬ ದಿನಾ ಬಂದು ಗೋಡೆಗೆ ಬೆನ್ನು ಕೊಟ್ಟು ಕುಳಿತರೆ ನಾನು ಏನೆಂದುಕೊಳ್ಳಬೇಕು?

ದಿನಾ ಬಂದ. ಹೆಸರು ಪೀಟರ್ ಎಂದ. ಎಂಥ ಹೆಸರು! ಸುಳ್ಳು ಹೇಳುವವನು ಮೊದಲು ಬಾಯಿಗೆ ಬಂದ ಹೆಸರನ್ನು ಹೇಳುತ್ತಾನೆ. ಎಲ್ಲಿಯವನು ಎಂದರೆ "ಯುರೋಪು" ಎಂದ, ಯುರೋಪೇನು ಒಂದು ಓಣಿಯೇ? ಒಂದು ಬಿಯರನ್ನು ಒಂದು ಗಂಟೆ ಕುಡಿದ. ಕುಡಿಯುವ ಮೊದಲು ಬುದ್ಧನಿಗೊಂದು, ಫ್ರಿಜ್ಜಿಗೊಂದು ನಮಸ್ಕಾರ ಮಾತ್ರ ತಪ್ಪಿಸಲಿಲ್ಲ.

"ಪೊಲೀಸೇ ಕಣಕ್ಕಾ, ಬರೆದಿಟ್ಕೊಳ್ಳಿ," ಎಂದಳು ಮ್ಯಾವ್. "ಫ್ರಿಜ್ಜಿಗೆ ಕೈಮುಗಿಯೋದು ಅವರವರ ಗುರುತು. ಹೊರಗೆ ಇನ್ನೊಬ್ಬ ನಿಂತಿರ್ತಾನೆ, ಅವನಿಗೆ ಇದು ಸನ್ನೆ."

"ಹೊರಗೆ ನಿಂತಿರೋದು ನೂಡಲ್ ಮಾರೋ ಮುದುಕಿ."

"ಅವಳ ಮೇಲೂ ನನಗೆ ಅನುಮಾನ."

ನಾನು ಅವನನ್ನು ಪರೀಕ್ಷಿಸಲು ನಿರ್ಧರಿಸಿದೆ. ಮ್ಯಾವ್‌ಳನ್ನು ಅವನ ಮೇಲೆ ಬಿಟ್ಟೆ. ಅವಳು ಬಣ್ಣದ ಬಿಲ್ಲೆ ಸಾಲಾಗಿ ಜೋಡಿಸುವ ಆಟದ ಹಲಗೆ ತಂದು ಅವನ ಮುಂದಿಟ್ಟಳು. ಈ ಆಟದಲ್ಲಿ ನಮ್ಮ ಹುಡುಗಿಯರನ್ನು ಗೆದ್ದ ಫರಂಗಿ ಇನ್ನೂ ಹುಟ್ಟಿಲ್ಲ. ಆದರೂ ಎಲ್ಲರೂ ಪಣ ಕಟ್ಟುತ್ತಾರೆ. ಇವನು ಆಡಿದ, ಸೋತ, ನಕ್ಕ. ಪಣ ಮಾತ್ರ ಬೇಡವೆಂದ. ಗಂಟೆ ಬಾರಿಸಿದರೆ ಅದೃಷ್ಟ ಬರುತ್ತದೆಂದು ಅವಳು ಪುಸಲಾಯಿಸಿದಳು. "ಯಾರ ಅದೃಷ್ಟ?" ಎಂದು ಕೇಳಿದ. ಕೊನೆಗೆ ಅವಳು ಕಣ್ಣಲ್ಲಿ ನೀರು ತಂದುಕೊಂಡು, ಊರಲ್ಲಿ ಅಮ್ಮನ ಎಮ್ಮೆಗೆ ಕಾಯಿಲೆ, ಔಷಧಿಗೆ ದುಡ್ಡಿಲ್ಲ ಎಂದಳು. ಆ ಎಮ್ಮೆ ಇಷ್ಟು ವರ್ಷಗಳಲ್ಲಿ ನಮ್ಮ ಓಣಿಗೆ ಎಷ್ಟು ಉಪಕಾರ ಮಾಡಿದೆಯೆಂದು ಹೇಳಿದರೆ ಮುಗಿಯದು.

"ನಿಮ್ಮ ಎಮ್ಮೆ ಬೇಗ ಗುಣವಾಗ್ಲಿ," ಎಂದ ಪೀಟರ್, ಗಂಭೀರವಾಗಿ. "ಅದಕ್ಕೆ ನನ್ನ ನಮಸ್ಕಾರ ಹೇಳಿ."

ಮ್ಯಾವ್ ಮುಖ ಊದಿಸಿಕೊಂಡು ಅಡುಗೆಮನೆಗೆ ಬಂದಳು. "ಇವನಿಗೆ ಯಾರೋ ಎಲ್ಲಾ ಹೇಳಿಕೊಟ್ಟು ಕಳಿಸಿದಾರೆ ಅಕ್ಕಾ. ಇಷ್ಟೊಂದು ತಾನಾಗೇ ಯಾರಿಗೂ ಗೊತ್ತಿರಲ್ಲ."

ಆ ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿತು. ಹೇಳಿಕೊಟ್ಟವರು ಯಾರು?

ನಾನು ನನ್ನ ಕೈಲಾದ ಎಚ್ಚರಿಕೆಯನ್ನೆಲ್ಲ ತೆಗೆದುಕೊಂಡೆ. ಇಸ್ಪೀಟು ಎಲೆಗಳನ್ನು ಅಕ್ಕಿ ಡಬ್ಬಿಯಲ್ಲಿ ಹೂತಿಟ್ಟೆ. ಅಗ್ಗದ ವಿಸ್ಕಿಯನ್ನು ಒಳ್ಳೆಯ ಬಾಟಲಿಗೆ ತುಂಬುವ ಅಭ್ಯಾಸ ಕೆಲವು ಬಾರುಗಳಿಗೆ ಇದೆ ಎನ್ನುತ್ತಾರೆ. ನನ್ನ ಬಾರಿನ ವಿಷಯ ನಾನು ಹೇಳುವುದಿಲ್ಲ, ಆ ವಾರ ಬಾಟಲಿಗಳನ್ನು ತೊಳೆದಿಟ್ಟೆ ಎಂದಷ್ಟೇ ಹೇಳುತ್ತೇನೆ. ಜಿಯಾಬ್‌ಗೆ, ನಾಲ್ಕು ದಿನ ರಜೆ ಹಾಕಿ ಊರಿಗೆ ಹೋಗಿಬಾ ಎಂದೆ.

"ಯಾಕಕ್ಕಾ? ಇಲ್ಲೇ ಚೆನ್ನಾಗಿದೆ," ಎಂದಳು.

ಚೆನ್ನಾಗಿತ್ತು ನಿಜ, ಅವಳಿಗೆ. ಆಗಲೇ ನನಗೆ ಎರಡನೆಯ ಅನುಮಾನ ಹುಟ್ಟಿತು, ಮೊದಲನೆಯದಕ್ಕಿಂತ ಕೆಟ್ಟದು. ಆ ಫರಂಗಿ ಬರತೊಡಗಿದಾಗಿನಿಂದ ಜಿಯಾಬ್ ತುಟಿಗೆ ಬಣ್ಣ ಹಚ್ಚಿಕೊಂಡು ಬರುತ್ತಿದ್ದಳು. ಹಬ್ಬಕ್ಕೆಂದು ಎತ್ತಿಟ್ಟಿದ್ದ ನೀಲಿ ಅಂಗಿ ತೊಟ್ಟಿದ್ದಳು. ದಿನಾ ಒಂದು ಡಬ್ಬಿಯಲ್ಲಿ ಹುಳಿ ಮಾವಿನಕಾಯಿ ಹೆಚ್ಚಿಕೊಂಡು, ಉಪ್ಪು ಸಕ್ಕರೆ ಖಾರದ ಪುಡಿ ಬೇರೆ ಪೊಟ್ಟಣ ಕಟ್ಟಿಕೊಂಡು ಬಂದು ಕೌಂಟರಿನ ಕೆಳಗೆ ಇಡುತ್ತಿದ್ದಳು. ಯಾರಿಗೂ ಕೊಡುತ್ತಿರಲಿಲ್ಲ. ಅವನು ಎದ್ದು ಹೋದ ಮೇಲೆ ತಾನೇ ಒಬ್ಬಳೇ ತಿನ್ನುತ್ತಿದ್ದಳು. ಅವನು ಚೀಟಿಯ ಹಣ ಕೊಡಲು ಗಲ್ಲಾದ ಹತ್ತಿರ ಬಂದಾಗ ಅವಳ ಮುಖ ಅರಳುವುದನ್ನು ನಾನು ಈ ಕಣ್ಣುಗಳಿಂದ ನೋಡಿದೆ. ಮುದುಕನೊಬ್ಬ ದೂರದಲ್ಲಿ, ಗಟ್ಟಿಮುಟ್ಟಾದ ಹುಡುಗನೊಬ್ಬ ಎದುರಿನಲ್ಲಿ. ಇಂಥದ್ದನ್ನು ನಾನು ಎಷ್ಟು ನೋಡಿಲ್ಲ! ಆದರೆ ಜಿಯಾಬ್ ಹೀಗೆ ಮಾಡಿಯಾಳೆಂದು ಅಂದುಕೊಂಡಿರಲಿಲ್ಲ. ನನಗೆ ಸಿಟ್ಟು ಬಂತು. ಅವಳನ್ನು ನನ್ನ ಸ್ವಂತ ತಂಗಿಯಂತೆ ನೋಡಿಕೊಂಡಿದ್ದೆ.

ಮರುದಿನವೇ ಆ ಫರಂಗಿ ತನ್ನ ಮೊದಲ ತಪ್ಪು ಮಾಡಿದ. ಬಿಯರ್ ಅರ್ಧಕ್ಕೆ ನಿಲ್ಲಿಸಿ ನನ್ನನ್ನು ಕರೆದು, ತಗ್ಗಿದ ದನಿಯಲ್ಲಿ ಹೇಳಿದ:

"ಅಮ್ಮಾ, ಆ ಗಲ್ಲಾದಲ್ಲಿ ಕೂತಿರೋರನ್ನ ಇವತ್ತು ಹೊರಗೆ ಕರ್ಕೊಂಡು ಹೋಗ್ಬೇಕು. ದಂಡ ಎಷ್ಟಾದ್ರೂ ಕಟ್ತೀನಿ."

ಹೊಸಬನೊಬ್ಬ ಈ ಮಾತು ಆಡಿದ್ದರೆ ನಕ್ಕು ತಲೆ ಅಲ್ಲಾಡಿಸುತ್ತಿದ್ದೆ. ಗಲ್ಲಾದವಳನ್ನು ಕೇಳುವುದು ಹೊಸಬರೆಲ್ಲ ಮಾಡುವ ತಪ್ಪು. ಆದರೆ ಚೀಟಿ ಓದಲು ಬಲ್ಲವನಿಗೆ, ಎಮ್ಮೆಯ ಕಾಯಿಲೆ ಬಲ್ಲವನಿಗೆ, ಇದೊಂದು ಮಾತ್ರ ಗೊತ್ತಿಲ್ಲದೆ ಹೋಯಿತೇ? ನನ್ನ ಕಿವಿ ನಿಮಿರಿತು. ಇವನು ತಿಳಿಯದೆ ಕೇಳುತ್ತಿಲ್ಲ. ಕೇಳಬಾರದವಳನ್ನು ಬೇಕೆಂದೇ ಕೇಳುತ್ತಿದ್ದಾನೆ. ಅಂದರೆ ಇವನು ಬಾರಿಗೆ ಬಂದವನಲ್ಲ, ಜಿಯಾಬ್‌ಗೋಸ್ಕರ ಬಂದವನು. ಪೊಲೀಸಿಗೆ ಜಿಯಾಬ್ ಯಾಕೆ ಬೇಕು? ಯಾರಿಗೆ ಬೇಕೆಂದರೆ, ಕರೆದರೆ ಅವಳು ಬರುತ್ತಾಳೋ ಇಲ್ಲವೋ ಎಂದು ತಿಳಿಯಬೇಕಾದವರಿಗೆ. ಹಾಲೆಂಡಿನ ಕಡೆಯವರಿಗೆ.

ಆಗ ನಾನು ಜಿಯಾಬ್‌ಳ ಹತ್ತಿರ ಹೋಗಿ, ಹುಷಾರು ಕಣೆ, ಇದು ಬೋನು ಎಂದು ಒಂದು ಮಾತು ಹೇಳಬಹುದಾಗಿತ್ತು. ಹೇಳಲಿಲ್ಲ. ಆ ನೀಲಿ ಅಂಗಿ, ಆ ತುಟಿಯ ಬಣ್ಣ ನನ್ನ ಕಣ್ಣಿಗೆ ಚುಚ್ಚುತ್ತಿದ್ದವು. ಎಚ್ಚರಿಸಿದರೆ ಅವಳು ಒಲ್ಲೆನೆನ್ನುತ್ತಾಳೆ, ಎಚ್ಚರಿಸದಿದ್ದರೆ ಏನನ್ನುತ್ತಾಳೆ ಎಂದು ನನಗೂ ನೋಡಬೇಕಿತ್ತು.

"ನೀವೇ ಕೇಳಿ ನೋಡಿ," ಎಂದು ಹೇಳಿ ನಾನು ಅಡುಗೆಮನೆಗೆ ಹೋಗಿ, ತಟ್ಟೆ ಕೊಡುವ ಕಿಂಡಿಯ ಹಿಂದೆ ನಿಂತೆ. ಕೈಯಲ್ಲಿ ಸೌಟು ಹಿಡಿದುಕೊಂಡೆ, ಕೆಲಸದಲ್ಲಿದ್ದ ಹಾಗೆ ಕಾಣಲೆಂದು.

ಅವನು ಗಲ್ಲಾದ ಮುಂದೆ ನಿಂತು ಕೇಳಿದ. ನಾನು ಅವಳ ಮುಖವನ್ನೇ ನೋಡುತ್ತಿದ್ದೆ. ಮೊದಲು ಅವಳಿಗೆ ಅರ್ಥವಾಗಲಿಲ್ಲ, ನಗುತ್ತಲೇ ಇದ್ದಳು. ಅವನು ಇನ್ನೊಮ್ಮೆ ಹೇಳಿದ. ಆ ನಗು ಅಲ್ಲಿಯೇ ಸತ್ತುಹೋಯಿತು. ಆಮೇಲೆ ಬಗ್ಗಿ ತನ್ನ ಚೀಲ ತೆಗೆದಳು. ಮುಗಿಯಿತು, ಹೊರಟಳು ಎಂದುಕೊಂಡೆ.

ಚೀಲದಿಂದ ಅವಳು ತೆಗೆದದ್ದು ಮಾವಿನಕಾಯಿಯ ಡಬ್ಬಿ. ಮುಚ್ಚಳ ತೆಗೆದು, ಉಪ್ಪುಖಾರದ ಪೊಟ್ಟಣ ಬಿಚ್ಚಿ, ಅವನ ಮುಂದೆ ತಳ್ಳಿದಳು.

"ತಿನ್ನು," ಎಂದಳು. "ನಿಮ್ಮಪ್ಪನಿಗೆ ಇದು ಇಷ್ಟ. ನಿನಗೂ ಇಷ್ಟ ಆಗಬಹುದು ಅಂತ ದಿನಾ ತರ್ತಿದ್ದೆ."

ಅವನ ಮುಖದ ಬಣ್ಣ ಇಳಿಯಿತು. ಸುಲಿದ ಮೂಗು ಮಾತ್ರ ಕೆಂಪಗೆ ಉಳಿಯಿತು.

"ಸ್ಯಾಂಡರ್ ಅಲ್ವಾ ನಿನ್ನ ಹೆಸರು? ಮೊದಲನೇ ದಿನವೇ ಗೊತ್ತಾಯ್ತು."

"ಹೇಗೆ?"

"ಫ್ರಿಜ್ಜಿಗೆ ಕೈಮುಗಿದೆಯಲ್ಲ. ಇಡೀ ಥಾಯ್ಲೆಂಡಿನಲ್ಲಿ ಫ್ರಿಜ್ಜಿಗೆ ಕೈಮುಗಿಯೋನು ಒಬ್ಬನೇ. ನಿಮ್ಮಪ್ಪ. ಅವರಿಗೆ ಆ ಪದ್ಧತಿ ಹೇಳಿಕೊಟ್ಟೋಳು ನಾನು, ತಮಾಷೆಗೆ. ಕೈಮುಗಿಯದಿದ್ರೆ ಬಿಯರ್ ಬೆಚ್ಚಗಾಗುತ್ತೆ ಅಂದಿದ್ದೆ." ಅವಳು ಬಿದಿರಿನ ಲೋಟದ ಕಡೆ ಬೆರಳು ತೋರಿಸಿದಳು. "ಚೀಟಿ ಓದು, ಮುಚ್ಚಳ ಎದುರಿಗೆ ತೆಗೆಸು, ಗಂಟೆ ಮುಟ್ಟಬೇಡ... ಎಲ್ಲಾ ನಾನು ಅವರಿಗೆ ಹೇಳಿದ್ದೇ. ಮೋಸ ಹೋಗದಿರ್ಲಿ ಅಂತ ಹೇಳಿದ್ದೆ."

ಸ್ಯಾಂಡರ್ ಮಾವಿನಕಾಯಿಯ ಡಬ್ಬಿಯನ್ನೇ ನೋಡಿದ.

"ಮಾತು ಬಿಟ್ಟಿದ್ದ ಅಪ್ಪ ಮಗ ಮತ್ತೆ ಒಂದಾದ್ರು, ನನ್ನನ್ನ ನೋಡೋಕೆ ಬಂದಿದಾನೆ, ಇವತ್ತು ಹೇಳ್ತಾನೆ, ನಾಳೆ ಹೇಳ್ತಾನೆ ಅಂತ ಕಾಯ್ತಿದ್ದೆ. ಇದಕ್ಕಾ ಬಂದಿದ್ದು? ನಿಮ್ಮಪ್ಪನೇ ಕಳಿಸಿದ್ರಾ?"

"ಅಪ್ಪನಿಗೆ..." ಎಂದು ಅವನು ಶುರುಮಾಡಿದ.

"ಬೇಡ, ಬಿಡು." ಅವಳು ಕೈಯೆತ್ತಿದಳು. "ನೀನು ಬಂದ ಕೆಲಸ ಆಗ್ಲಿ. ಹೋಗಿ ಹೇಳು ನಿಮ್ಮಪ್ಪನಿಗೆ, ಕರೆದೆ, ಬಂದಳು ಅಂತ ಹೇಳು."

"ಆದ್ರೆ ನೀವು ಬರ್ಲಿಲ್ಲವಲ್ಲ."

"ಬಂದಳು ಅಂತ ಹೇಳು. ನಾನೂ ಇಲ್ಲ ಅನ್ನಲ್ಲ."

ಅವನು ಹಣವನ್ನು ಬಿದಿರಿನ ಲೋಟದ ಕೆಳಗೆ ಇಟ್ಟು ಬಿಸಿಲಿಗೆ ಇಳಿದು ಹೋದ. ಅವಸರದಲ್ಲಿ ಗಂಟೆಯ ಹಗ್ಗ ಅವನ ತಲೆಗೆ ತಾಗಿ ಗಂಟೆ ಸಣ್ಣಗೆ ಸದ್ದು ಮಾಡಿತು. ಯಾರೂ ಕುಡಿಸೆಂದು ಕೇಳಲಿಲ್ಲ.

ನಾನು ಅಡುಗೆಮನೆಯಿಂದ ಓಡಿಬಂದೆ. "ನಿನಗೇನು ತಲೆ ಕೆಟ್ಟಿದೆಯೇನೇ? ಕೈಯಾರೆ ನಿನ್ನ ಮದುವೆ ಹಾಳು ಮಾಡ್ಕೊಂಡೆಯಲ್ಲೇ! ಆ ಪುಣ್ಯಾತ್ಮ ಹೋಗಿ ಹೇಳದೆ ಬಿಡ್ತಾನಾ?"

"ಹೇಳ್ಲಿ ಅಂತಾನೇ ಹೇಳಿದ್ದು ಅಕ್ಕಾ." ಅವಳು ಪುಸ್ತಕ ಮುಚ್ಚಿದಳು. "ಮಗನನ್ನ ಕಳಿಸಿ ಅವರು ನನ್ನ ಪರೀಕ್ಷೆ ಮಾಡಿದ್ರು. ಈಗ ನನ್ನ ಸರದಿ. ಮಗ ಹೇಳಿದ್ದನ್ನ ಅವರು ನಂಬಿದ್ರೆ, ಆ ಮನೆಗೆ ನಾನು ಹೋಗೋದೇ ಬೇಡ. ಅಲ್ಲಿಗೆ ಹೋಗಿ ಭಾಷೆ ಬರದೆ, ಜನ ಗೊತ್ತಿಲ್ದೆ, ದಿನಾ ಪರೀಕ್ಷೆಗೆ ಕೂರೋದಾ?"

ಸಂಜೆಯವರೆಗೂ ಅವಳು ಗಲ್ಲಾ ಬಿಟ್ಟು ಅಲುಗಲಿಲ್ಲ. ಮಾವಿನಕಾಯಿ ಯಾರೂ ಮುಟ್ಟದೆ ಕಪ್ಪಗಾಯಿತು.

ಮರುದಿನ ಮೂರೂವರೆಯಿಂದಲೇ ಬಾರಿನಲ್ಲಿ ಯಾರಿಗೂ ಕೈಕಾಲು ಆಡಲಿಲ್ಲ. ಮ್ಯಾವ್ ಒಂದೇ ಗ್ಲಾಸನ್ನು ಒರೆಸುತ್ತಲೇ ಇದ್ದಳು. ನಾನು ಬುದ್ಧನ ಗೂಡಿಗೆ ಹೊಸ ಹೂಮಾಲೆ ಹಾಕಿ, ಕೆಂಪು ಶರಬತ್ತಿನ ಬಾಟಲಿಗೆ ಸ್ಟ್ರಾ ಸಿಕ್ಕಿಸಿ ಇಟ್ಟೆ. ಮುದುಕ ಫೋನ್ ಮಾಡುವುದಿಲ್ಲವೆಂದೇ ನನ್ನ ಮನಸ್ಸು ಹೇಳುತ್ತಿತ್ತು. ಮಾಡಿದರೂ ಬೈಯುವುದಕ್ಕೆ ಮಾಡುತ್ತಾನೆ. ನಾನು ಮತ್ತೆ ಅಡುಗೆಮನೆಗೆ ಹೋಗಿ ಕಿಂಡಿಯ ಹಿಂದೆ ನಿಂತೆ.

ನಾಲ್ಕಕ್ಕೆ ಫೋನ್ ಬಂತು. ಜಿಯಾಬ್ ಅದನ್ನು ಕೌಂಟರಿನ ಮೇಲೆ ಮಲಗಿಸಿ, ಎಲ್ಲರಿಗೂ ಕೇಳುವಂತೆ ಒತ್ತಿದಳು. ಅವರಿಬ್ಬರ ನಡುವೆ ನಡೆಯುವುದು ನಮ್ಮ ಬಾರಿನ ಮುರುಕಲು ಇಂಗ್ಲಿಷ್, ಅದು ನನಗೂ ತಿಳಿಯುತ್ತದೆ.

"ಸ್ಯಾಂಡರ್ ಫೋನ್ ಮಾಡಿದ್ದ," ಎಂದ ಗೆರಿಟ್. "ನೀನು ಅವನ ಜೊತೆ ಹೋದೆಯಂತೆ."

"ಹೂಂ," ಎಂದಳು ಜಿಯಾಬ್.

"ಹಾಗಾದ್ರೆ ಗಲ್ಲಾದಲ್ಲಿ ಯಾರು ಕೂತಿದ್ರು ಅಂತ ಅವನನ್ನ ಕೇಳ್ದೆ."

ಜಿಯಾಬ್ ಫೋನಿನ ಹತ್ತಿರಕ್ಕೆ ಬಗ್ಗಿದಳು.

"ಸ್ವಲ್ಪ ತಡವರಿಸಿ, ಆ ವಯಸ್ಸಾದ ಹೆಂಗಸು ಕೂತಿದ್ರು ಅಂದ. ಬುಪ್ಪಾಗೆ ಆ ಪೆಟ್ಟಿಗೆ ತೆಗೆಯೋಕೇ ಬರಲ್ಲ ಕಣೋ, ಸುಳ್ಳು ಹೇಳೋದಾದ್ರೆ ನೆಟ್ಟಗೆ ಹೇಳು ಅಂದೆ. ಆಮೇಲೆ ಎಲ್ಲಾ ಬಾಯಿಬಿಟ್ಟ. ಮಾವಿನಕಾಯಿ ಡಬ್ಬಿ ವಿಷಯ ಹೇಳುವಾಗ ಅತ್ತುಬಿಟ್ಟ."

ಬುಪ್ಪಾ ಎಂದರೆ ನಾನೇ. ನನ್ನ ದಡ್ಡತನ ಹಾಲೆಂಡಿನವರೆಗೂ ಮುಟ್ಟಿದೆ ಎಂದು ಗೊತ್ತಿರಲಿಲ್ಲ. ಆದರೆ ಆ ಹೊತ್ತಿನಲ್ಲಿ ನನಗೆ ನಾಚಿಕೆಯಾಗಲಿಲ್ಲ, ಖುಷಿಯಾಯಿತು.

"ಆದ್ರೆ ಬಂದಳು ಅಂತ ಹೇಳು ಅಂದೋಳು ನೀನೇ ಅಂತೆ. ಯಾಕೆ ಜಿಯಾಬ್?"

"ಅವನನ್ನ ನೀವೇ ಕಳಿಸಿದ್ದು ಅಂದ್ಕೊಂಡೆ."

ಅವನ ಮನೆಯ ಗೋಡೆ ಗಡಿಯಾರದ ಸದ್ದು ಇಲ್ಲಿಗೂ ಕೇಳಿಸಿತು.

"ನಾನು ಹಾಗೆ ಮಾಡ್ತೀನಿ ಅಂತ ನಿನಗೆ ಯಾಕೆ ಅನ್ನಿಸ್ತು?"

"ಫ್ರಿಜ್ಜಿಗೆ ಕೈಮುಗಿದ," ಎಂದಳು ಜಿಯಾಬ್, ಸಣ್ಣ ದನಿಯಲ್ಲಿ. "ಅದು ನಿಮಗೆ ಬಿಟ್ರೆ ಯಾರಿಗೂ ಗೊತ್ತಿಲ್ಲ. ಅದು... ಅದು ನಾನು ತಮಾಷೆಗೆ ಹೇಳಿದ್ದು. ಹಾಗೊಂದು ಪದ್ಧತಿ ಇಲ್ಲ."

"ಗೊತ್ತು."

"ಗೊತ್ತಾ?"

"ನೀನು ಹೇಳಿದ ವಾರವೇ ಗೊತ್ತಾಯ್ತು. ಪಕ್ಕದ ಬಾರಿಗೆ ಹೋಗಿ ಫ್ರಿಜ್ಜಿಗೆ ಕೈಮುಗಿದೆ, ಎಲ್ರೂ ಬಿದ್ದು ಬಿದ್ದು ನಕ್ರು. ಆದ್ರೆ ನಾನು ಕೈಮುಗಿದಾಗೆಲ್ಲ ನೀನು ನಗು ತಡ್ಕೊಳ್ಳೋಕೆ ಪಡೋ ಪಾಡು ಇತ್ತಲ್ಲ, ಅದನ್ನ ನೋಡೋಕೆ ಇಷ್ಟ ಆಗ್ತಿತ್ತು. ಅದಕ್ಕೇ ಬಿಡ್ಲಿಲ್ಲ."

ಮ್ಯಾವ್ ಗ್ಲಾಸನ್ನು ಕೆಳಗಿಟ್ಟಳು.

"ನಮ್ಮ ಮದುವೆ ಸುದ್ದಿ ಕೇಳಿ ಸ್ಯಾಂಡರ್ ನನ್ನ ಹತ್ರ ಮಾತು ಬಿಟ್ಟಿದ್ದು ನಿನಗೆ ಗೊತ್ತಲ್ಲ," ಎಂದ ಗೆರಿಟ್. "ಹೋದ ತಿಂಗಳು ಇದ್ದಕ್ಕಿದ್ದ ಹಾಗೆ ಮನೆಗೆ ಬಂದ. ಫುಕೆಟ್‌ಗೆ ಸಮುದ್ರದಲ್ಲಿ ಮುಳುಗಿ ಮೀನು ನೋಡೋಕೆ ಹೋಗ್ತೀನಿ, ಅಲ್ಲಿ ಬಾರುಗಳಲ್ಲಿ ಹೇಗಿರ್ಬೇಕು ಹೇಳು ಅಂದ. ಮೀನು ನೋಡೋನಿಗೆ ಬಾರು ಯಾಕೆ? ನನಗೆ ಅನುಮಾನ ಬಂತು. ನಿನಗೆ ಹೇಳೋಣ ಅಂದ್ರೆ, ಬರೀ ಅನುಮಾನ ಇಟ್ಕೊಂಡು ಹೆತ್ತ ಮಗನ ಮೇಲೆ ದೂರು ಹೇಗೆ ಹೇಳ್ಲಿ? ಅದಕ್ಕೇ ನೀನು ಹೇಳಿಕೊಟ್ಟಿದ್ದನ್ನೆಲ್ಲ ಹೇಳಿ, ಕೊನೇಲಿ ಫ್ರಿಜ್ಜಿನದೂ ಹೇಳಿಕೊಟ್ಟೆ. ಅವನೇನಾದ್ರೂ ನಿನ್ನ ಹತ್ರಾನೇ ಬಂದ್ರೆ, ಬಂದ ಕೂಡಲೇ ನಿನಗೆ ಗೊತ್ತಾಗ್ಲಿ ಅಂತ."

ಜಿಯಾಬ್ ಬಾಯಿಗೆ ಕೈ ಒತ್ತಿಕೊಂಡಳು. ಅವಳ ಕಣ್ಣಿಂದ ನೀರು ಇಳಿದು ಆ ಡಚ್ ಪುಸ್ತಕದ ಮೇಲೆ ಬಿತ್ತು. ಆಮೇಲೆ ಅವಳು ಎದ್ದಳು. ಗಲ್ಲಾಪೆಟ್ಟಿಗೆ ಬಾಯಿ ತೆರೆದೇ ಇತ್ತು, ಬೀದಿಯ ಮೇಜಿನಲ್ಲಿ ಇಬ್ಬರು ಗಿರಾಕಿಗಳೂ ಇದ್ದರು, ಆದರೂ ಎದ್ದು ಕೌಂಟರ್ ಬಳಸಿಕೊಂಡು ಬಂದು ಬಿಯರ್ ಫ್ರಿಜ್ಜಿನ ಮುಂದೆ ನಿಂತಳು. ಬೆರಳುಗಳನ್ನು ಹಣೆಗೆ ತಾಗಿಸಿ, ತಲೆ ಬಗ್ಗಿಸಿ, ನಾವು ತಪ್ಪಾಯಿತೆಂದು ಹಿರಿಯರಿಗೆ ಕೈಮುಗಿಯುವ ಹಾಗೆ ಕೈಮುಗಿದಳು.

"ಜಿಯಾಬ್? ಇದ್ದೀಯಾ?" ಎಂದು ಫೋನು ಕೇಳಿತು.

ಮ್ಯಾವ್ ಮೂಗು ಒರೆಸಿಕೊಂಡು ಫೋನಿನ ಮೇಲೆ ಬಗ್ಗಿದಳು. "ಸ್ವಲ್ಪ ತಾಳಿ. ಫ್ರಿಜ್ಜಿಗೆ ಕೈಮುಗೀತಿದಾಳೆ."

ಜಿಯಾಬ್ ತಲೆಯೆತ್ತಿ ನೇರವಾಗಿ ನನ್ನ ಕಿಂಡಿಯ ಕಡೆ ನೋಡಿದಳು. ಅವಳ ಕಣ್ಣಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ನನಗೆ ಎಷ್ಟೋ ಸಲೀಸಾಗುತ್ತಿತ್ತು.

"ನಾನು ಹೋಗ್ತೀನಾ ಅಂತ ನೋಡೋಕೆ ನಿನ್ನೆನೂ ಅಲ್ಲೇ ನಿಂತಿದ್ರಿ ಅಲ್ವಾ ಅಕ್ಕಾ?" ಎಂದಳು. "ಬನ್ನಿ." ಫ್ರಿಜ್ಜಿನ ಮುಂದೆ ಸ್ವಲ್ಪ ಪಕ್ಕಕ್ಕೆ ಸರಿದು ಜಾಗ ಬಿಟ್ಟಳು.

ನಾನು ಸೌಟು ಕೆಳಗಿಟ್ಟು ಹೋಗಿ, ಅವಳ ಪಕ್ಕದಲ್ಲಿ ನಿಂತು ಕೈಮುಗಿದೆ.